ಅರ್ಜಿಯಲ್ಲಿ ಮಗುವಿಗೂ ಒಂದು ಜಾಗ

ಉಚಿತ ಕಾನೂನು ನೆರವು ನೀಡುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲೆಯಾಗಿ ನಾನು ಮೊದಮೊದಲು ಹಾಕಿದ ಕೌಟುಂಬಿಕ ದೌರ್ಜನ್ಯದ ಅರ್ಜಿಗಳಲ್ಲಿ ಒಂದು ಇಂದಿಗೂ ನನ್ನನ್ನು ಕಾಡುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯ್ದೆಯ 12ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಿದ ಆ ಅರ್ಜಿಯಲ್ಲಿ ತಾಯಿ ತಿಂದ ಏಟುಗಳನ್ನೆಲ್ಲ ದಿನಾಂಕ ಸಹಿತ ಬರೆದಿದ್ದೆ, ದೌರ್ಜನ್ಯ ಎಸಗದಂತೆ ತಡೆಯುವ ಸಂರಕ್ಷಣಾ ಆದೇಶವೂ ಸಿಕ್ಕಿತ್ತು. ಆದರೆ ಎಂಟು ವರ್ಷದ ಮಗಳ ಬಗ್ಗೆ ನಾನು ಬರೆದಿದ್ದು ಒಂದೇ ಸಾಲು. ಮುಂದಿನ ವಾರವೇ ತಂದೆ ಶಾಲೆಗೆ ಹೋಗಿ ಮಗುವನ್ನು ಕರೆದೊಯ್ದ. ಆದೇಶದಲ್ಲಿ ಶಾಲೆಯ ಮಾತೇ ಇಲ್ಲವಲ್ಲ ಎಂದು ಠಾಣೆಯಲ್ಲಿ ಹೇಳಿದರು, ಅದು ನಿಜವೂ ಆಗಿತ್ತು. ಮಗಳನ್ನು ಬಿಟ್ಟಿರಲಾರದೆ ಆ ತಾಯಿ ಅದೇ ಮನೆಗೆ ಹಿಂದಿರುಗಿದರು.

ಅಂದಿನಿಂದ ಮೊದಲ ಭೇಟಿಯಲ್ಲಿಯೇ ಮಗುವಿನ ವಿಷಯವನ್ನು ಪ್ರತ್ಯೇಕವಾಗಿ ಕೇಳುತ್ತೇನೆ. ‘ಅವಳಿಗೇನೂ ಆಗಿಲ್ಲ ಮೇಡಂ, ಮಲಗಿದ್ದಳು’ ಎನ್ನುವುದು ಬಹುತೇಕ ತಾಯಂದಿರ ಮೊದಲ ಉತ್ತರ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ, ಮಗು ಅಡ್ಡ ಬಂದು ತಾನೂ ಪೆಟ್ಟು ತಿಂದದ್ದು, ರಾತ್ರಿ ಬೆಚ್ಚಿ ಏಳುವುದು ಒಂದೊಂದಾಗಿ ಹೊರಬರುತ್ತವೆ. ಅವನ್ನು, ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾ ಅಧಿಕಾರಿ ದೌರ್ಜನ್ಯದ ಬಗ್ಗೆ ಮ್ಯಾಜಿಸ್ಟ್ರೇಟರಿಗೆ ಕೊಡುವ ಕೌಟುಂಬಿಕ ಘಟನಾ ವರದಿಯಲ್ಲಿಯೂ ಸೇರಿಸಲು ಕೋರುತ್ತೇನೆ.

18ನೇ ಕಲಮು ಮಗುವಿನ ಶಾಲೆಗೆ ಪ್ರವೇಶಿಸದಂತೆ ತಡೆಯುವ ಅವಕಾಶವನ್ನು ಸ್ಪಷ್ಟ ಮಾತಿನಲ್ಲಿ ಕೊಟ್ಟಿರುವುದರಿಂದ ಶಾಲೆಯ ಹೆಸರು, ವಿಳಾಸ, ಹೋಗಿಬರುವ ದಾರಿಯನ್ನು ಅರ್ಜಿಯಲ್ಲಿಯೇ ನಮೂದಿಸುತ್ತೇನೆ. 21ನೇ ಕಲಮಿನಡಿ ತಾತ್ಕಾಲಿಕ ಸುಪರ್ದಿಯನ್ನು, ಅಂದರೆ ಮಗುವನ್ನು ಸದ್ಯಕ್ಕೆ ತಾಯಿಯ ವಶದಲ್ಲಿಡುವ ಆದೇಶವನ್ನು, ಕೇಳುತ್ತೇನೆ. ತಂದೆಯ ಭೇಟಿಯಿಂದ ಮಗುವಿಗೆ ಹಾನಿಯಾದೀತೆಂದು ಕಂಡರೆ ಮ್ಯಾಜಿಸ್ಟ್ರೇಟರು ಭೇಟಿಯನ್ನು ನಿರಾಕರಿಸಲೇಬೇಕು ಎಂಬುದು ಅದೇ ಕಲಮಿನಲ್ಲಿದೆ, ಇದನ್ನು ವಾದದಲ್ಲಿ ಬಿಡಬಾರದು. ಅಂತಿಮ ತೀರ್ಪಿಗೆ ಕಾಯುವಷ್ಟು ಸಮಯ ಇರುವುದಿಲ್ಲವಾದ್ದರಿಂದ 23ನೇ ಕಲಮಿನಡಿ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮಧ್ಯಂತರ ಆದೇಶವನ್ನೂ ಕೋರುತ್ತೇನೆ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವಿದ್ದರೆ ದಾರಿ ಬೇರೆ: ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮನೆಯವರ ಒಪ್ಪಿಗೆಗೆ ಕಾಯುವಂತಿಲ್ಲ. ಇದನ್ನು ತಾಯಿಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಗೊತ್ತಾದರೆ ಆಕೆಗೆ ನನ್ನ ಮೇಲಿನ ನಂಬಿಕೆಯೇ ಹೋಗುತ್ತದೆ.

ಆದೇಶದ ಉಚಿತ ನಕಲನ್ನು ಪ್ರಕರಣದ ಎರಡೂ ಕಡೆಯವರಿಗೂ ಠಾಣೆಗೂ ಕೊಡಬೇಕೆಂದು 2005ರ ಕಾಯ್ದೆ ಹೇಳುತ್ತದೆ, ಶಾಲೆಗೆ ಎಂದು ಹೇಳುವುದಿಲ್ಲ. ಆದ್ದರಿಂದ ತಾಯಿಯ ಜೊತೆ ನಾನೇ ಹೋಗಿ ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯಿನಿಯ ಕೈಗೆ ಕೊಟ್ಟು, ಆದೇಶ ಮೀರಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದೆಂದು ವಿವರಿಸಿ ಬರುತ್ತೇನೆ.