ಚೀಲದ ಮೇಲಿನ ಪ್ರೋಟೀನ್ ಮೈಗೆ ಹತ್ತುವುದೆಷ್ಟು? ಕೋಳಿ, ಹಂದಿ ಆಹಾರವನ್ನು ಅಳೆಯುವ ಬಗೆ

ಕೋಳಿ ಅಥವಾ ಹಂದಿ ಆಹಾರದ ಚೀಲ ಕೊಳ್ಳುವಾಗ ನಮ್ಮಲ್ಲಿ ಬಹುತೇಕರು ಮೊದಲು ನೋಡುವುದು ಕಚ್ಚಾ ಪ್ರೋಟೀನ್ ಶೇಕಡಾ ಎಷ್ಟು ಎಂಬ ಅಂಕಿಯನ್ನು. ಮೆಕ್ಕೆಜೋಳ, ಹಿಂಡಿ ತಂದು ಮನೆಯಲ್ಲೇ ಆಹಾರ ಬೆರೆಸಿಕೊಳ್ಳುವ ರೈತರೂ ಅದೇ ಅಂಕಿಯನ್ನು ಹಿಡಿದು ಲೆಕ್ಕ ಹಾಕುತ್ತಾರೆ. ಶೇ 18 ಪ್ರೋಟೀನ್ ಇದ್ದರೂ ಹಂದಿಮರಿಗಳು ಏಕೆ ತೂಕ ಕಟ್ಟುತ್ತಿಲ್ಲ ಎಂಬ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ.

ಆದ್ದರಿಂದ ಮೊದಲ ಹೆಜ್ಜೆ, ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿಯುವುದು. ಪ್ರಯೋಗಾಲಯದಲ್ಲಿ ಕಚ್ಚಾ ಪ್ರೋಟೀನ್ ಎಂದರೆ ಮಾದರಿಯಲ್ಲಿರುವ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿದ ಮೊತ್ತ, ಅಷ್ಟೆ. ಯೂರಿಯಾದಲ್ಲಿ ಪ್ರೋಟೀನ್ ಲವಲೇಶವೂ ಇಲ್ಲ. ಆದರೆ ಶೇ 46ರಷ್ಟು ಸಾರಜನಕ ಇರುವುದರಿಂದ, ಈ ಲೆಕ್ಕದಲ್ಲಿ ಒಂದು ಕಿಲೋ ಯೂರಿಯಾ ಸುಮಾರು 2.9 ಕಿಲೋ ಪ್ರೋಟೀನ್ ಎಂದು ತೋರುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾದಿಂದಲೂ ಪ್ರೋಟೀನ್ ಕಟ್ಟಬಲ್ಲವು. ಹಂದಿಗೂ ಕೋಳಿಗೂ ಅಂಥ ಹೊಟ್ಟೆಯಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಯೂರಿಯಾ ಬೆರೆತಿರಬಹುದಾದ ದನಗಳ ಪಶು ಆಹಾರವನ್ನು ಹಂದಿಗೂಡಿಗೆ ತರಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಎರಡನೆಯದಾಗಿ, ಯಾವ ಅಮೈನೋ ಆಮ್ಲ ಮೊದಲು ಕೊರತೆಯಾಗುತ್ತದೆ ಎಂದು ಗುರುತಿಸಬೇಕು. ಪ್ರಾಣಿಗೆ ಬೇಕಾಗಿರುವುದು ಪ್ರೋಟೀನ್ ಅಲ್ಲ, ಅದನ್ನು ಒಡೆದಾಗ ಸಿಗುವ ಅಮೈನೋ ಆಮ್ಲಗಳು, ಅದೂ ಗೊತ್ತಾದ ಪ್ರಮಾಣದಲ್ಲಿ. ಮೂರು ಮಲ್ಲಿಗೆಗೆ ಒಂದು ಕನಕಾಂಬರದಂತೆ ದಂಡೆ ಕಟ್ಟುವಾಗ ಕನಕಾಂಬರ ಮುಗಿದರೆ, ಮಲ್ಲಿಗೆ ಬುಟ್ಟಿಯಷ್ಟಿದ್ದರೂ ದಂಡೆ ಅಲ್ಲಿಗೇ ನಿಲ್ಲುತ್ತದೆ. ಮೆಕ್ಕೆಜೋಳ ಮತ್ತು ಹಿಂಡಿಯ ಆಹಾರದಲ್ಲಿ ಹಂದಿಗೆ ಮೊದಲು ಮುಗಿಯುವುದು ಲೈಸೀನ್ ಎಂಬ ಅಮೈನೋ ಆಮ್ಲ; ಮೆಕ್ಕೆಜೋಳ ಮತ್ತು ಸೋಯಾ ತಿನ್ನುವ ಕೋಳಿಗೆ ಮೊದಲು ಮೆಥಿಯೋನಿನ್, ಅದರ ಹಿಂದೆಯೇ ಲೈಸೀನ್. ಗರಿ ಕಟ್ಟುವುದಕ್ಕೆ ಗಂಧಕವಿರುವ ಅಮೈನೋ ಆಮ್ಲಗಳು ಹೆಚ್ಚು ಬೇಕಾಗುವುದರಿಂದ ಕೋಳಿಯ ಲೆಕ್ಕ ಬೇರೆ. ಮೊಟ್ಟೆ ಕೋಳಿಯಲ್ಲಿ ಮೆಥಿಯೋನಿನ್ ಕಡಿಮೆಯಾದರೆ ಮೊಟ್ಟೆಯ ಗಾತ್ರ ಇಳಿಯುತ್ತದೆ. ಉಳಿದುಹೋದ ಅಮೈನೋ ಆಮ್ಲಗಳನ್ನು ದೇಹ ಕೂಡಿಡುವುದಿಲ್ಲ. ಒಡೆದು ಸಾರಜನಕವನ್ನು ಹೊರಹಾಕುತ್ತದೆ. ಬೆಳಿಗ್ಗೆ ಕೋಳಿ ಶೆಡ್ಡಿನ ಬಾಗಿಲು ತೆರೆದಾಗ ಕಣ್ಣುರಿಸುವ ಅಮೋನಿಯಾ ಮತ್ತು ಕಾಲಡಿಯಲ್ಲಿ ಒದ್ದೆಯಾಗಿ ಗಟ್ಟಿಕಟ್ಟಿದ ಹೊಟ್ಟಿನ ಹಾಸಿಗೆ ಇವುಗಳಲ್ಲಿ ರೈತ ದುಡ್ಡು ಕೊಟ್ಟು ತಂದ ಪ್ರೋಟೀನಿನ ಒಂದು ಪಾಲು ಇರುತ್ತದೆ.

ಮೂರನೆಯ ಹೆಜ್ಜೆಯೇ ಇಡೀ ವಿಷಯದ ತಿರುಳು. ಆಹಾರದಲ್ಲಿರುವ ಲೈಸೀನ್ ಬೇರೆ, ಕರುಳಿನಿಂದ ರಕ್ತಕ್ಕೆ ಸೇರುವ ಲೈಸೀನ್ ಬೇರೆ. ಅಮೈನೋ ಆಮ್ಲಗಳು ಪ್ರಯೋಜನಕ್ಕೆ ಬರುವಂತೆ ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಉಳಿದದ್ದನ್ನು ತಿಂದು ಬದಲಿಸುವುದರಿಂದ ಸಗಣಿಯನ್ನು ಪರೀಕ್ಷಿಸಿ ಹೇಳುವ ಜೀರ್ಣತೆ ದಾರಿ ತಪ್ಪಿಸಬಹುದು. ಅದಕ್ಕಾಗಿಯೇ ಸಂಶೋಧಕರು ಸಣ್ಣ ಕರುಳಿನ ಕೊನೆಯಲ್ಲಿ ಮಾದರಿ ತೆಗೆದು ಅಳೆಯುತ್ತಾರೆ. ಕೋಷ್ಟಕಗಳಲ್ಲಿ ‘ಜೀರ್ಣವಾಗುವ ಲೈಸೀನ್’ ಎಂದು ಕೊಟ್ಟಿರುವುದು ಈ ಅಂಕಿಯನ್ನೇ. ಸೂತ್ರ ಬರೆಯುವಾಗ ಅದನ್ನೇ ಬಳಸಿ.

ಒಂದು ಲೆಕ್ಕ ಮಾಡಿ ನೋಡೋಣ. 25ರಿಂದ 50 ಕಿಲೋ ತೂಕದ ಬೆಳೆಯುವ ಹಂದಿಯ ಆಹಾರದಲ್ಲಿ ಜೀರ್ಣವಾಗುವ ಲೈಸೀನ್ ಶೇ 0.98 ಇರಬೇಕೆಂಬುದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2012ರ ಶಿಫಾರಸು. ಅಂದರೆ 100 ಕಿಲೋ ಆಹಾರದಲ್ಲಿ 980 ಗ್ರಾಂ. 70 ಕಿಲೋ ಮೆಕ್ಕೆಜೋಳ, 26 ಕಿಲೋ ಸೋಯಾ ಹಿಂಡಿ, ಉಳಿದ 4 ಕಿಲೋ ಖನಿಜ ಮಿಶ್ರಣ, ಉಪ್ಪು ಇತ್ಯಾದಿ ಎಂದಿಟ್ಟುಕೊಳ್ಳಿ. ಮೆಕ್ಕೆಜೋಳದಲ್ಲಿ ಲೈಸೀನ್ ಸುಮಾರು ಶೇ 0.25, ಅದರಲ್ಲಿ ಮುಕ್ಕಾಲು ಪಾಲು ಜೀರ್ಣವಾಗುತ್ತದೆ. ಸಿಗುವುದು 130 ಗ್ರಾಂ. ಸೋಯಾ ಹಿಂಡಿಯಲ್ಲಿ ಸುಮಾರು ಶೇ 2.9, ಜೀರ್ಣವಾಗುವುದು ಶೇ 89. ಸಿಗುವುದು 670 ಗ್ರಾಂ. ಒಟ್ಟು 800 ಗ್ರಾಂ ಆಯಿತು. ಈಗ ಸೋಯಾ ತೆಗೆದು ಅಷ್ಟೇ ಶೇಂಗಾ ಹಿಂಡಿ ಹಾಕಿ. ಕಚ್ಚಾ ಪ್ರೋಟೀನ್ ಎರಡರಲ್ಲೂ ಶೇ 17ರ ಆಸುಪಾಸಿನಲ್ಲೇ ಉಳಿಯುತ್ತದೆ. ಆದರೆ ಶೇಂಗಾ ಹಿಂಡಿಯ ಲೈಸೀನ್ ಸುಮಾರು ಶೇ 1.5, ಜೀರ್ಣವಾಗುವುದು ಶೇ 76ರಷ್ಟು. ಸಿಗುವುದು 300 ಗ್ರಾಂ, ಮೆಕ್ಕೆಜೋಳದ್ದೂ ಸೇರಿ 430. ಚೀಲದ ಮೇಲೆ ಒಂದೇ ಅಂಕಿ, ಹಂದಿಯ ಪಾಲಿಗೆ ಅಗತ್ಯದ ಅರ್ಧವೂ ಇಲ್ಲ.

ಮೊದಲ ಸೂತ್ರದಲ್ಲಿ ಕಡಿಮೆ ಬಿದ್ದ 180 ಗ್ರಾಂ ತುಂಬಿಸಲು ಮಾರುಕಟ್ಟೆಯಲ್ಲಿ ಸಿಗುವ ಲೈಸೀನ್ ಹೈಡ್ರೋಕ್ಲೋರೈಡ್ ಪುಡಿ ಸಾಕು. ಅದರಲ್ಲಿ ಲೈಸೀನ್ ಇರುವುದು ಸುಮಾರು ಶೇ 78. ಆದ್ದರಿಂದ 230 ಗ್ರಾಂ ಹಾಕಬೇಕು. ಶೇಂಗಾ ಸೂತ್ರಕ್ಕೆ 700 ಗ್ರಾಂ ಸುರಿದರೆ ಸರಿಹೋಗುತ್ತದೆ ಎಂದು ತೋರಬಹುದು, ಆದರೆ ಆಗ ಥ್ರಿಯೋನಿನ್, ಮೆಥಿಯೋನಿನ್ ಮುಂತಾದವು ಕೊರತೆಯ ಸಾಲಿಗೆ ಬರುತ್ತವೆ. ಶೇಂಗಾ ಹಿಂಡಿಯನ್ನು ಸೋಯಾದ ಒಂದು ಭಾಗಕ್ಕೆ ಮಾತ್ರ ಬದಲಿಯಾಗಿ ಬಳಸುವುದು ಮೇಲು. ಅದೂ ಬೂಷ್ಟು ಹಿಡಿಯದ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಪರೀಕ್ಷೆಯಾದ ಸರಕು ಸಿಕ್ಕಿದರೆ.

ಇನ್ನು ಕಚ್ಚಾವಸ್ತುವನ್ನು ಕೈಯಲ್ಲಿ ಹಿಡಿದು ನೋಡುವ ಕೆಲಸ. ಇದಕ್ಕೆ ಸಮಯ ಕೊಡಿ, ಕೋಷ್ಟಕದ ಅಂಕಿ ನಿಮ್ಮ ಅಂಗಳದಲ್ಲಿರುವ ಹಿಂಡಿಗೆ ಅನ್ವಯಿಸುತ್ತದೆಯೇ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತುಗಳಿವೆ. ಹದವಾಗಿ ಬೇಯಿಸಿದರೆ ಅವು ನಾಶವಾಗುತ್ತವೆ. ಬೆಂಕಿ ಮೀರಿದರೆ ಲೈಸೀನ್ ಸಕ್ಕರೆಯೊಂದಿಗೆ ಅಂಟಿಕೊಂಡು ಪ್ರಾಣಿಗೆ ಸಿಗದಂತಾಗುತ್ತದೆ. ಪ್ರಯೋಗಾಲಯದ ಸಾರಜನಕದ ಲೆಕ್ಕಕ್ಕೆ ಈ ನಷ್ಟ ಕಾಣುವುದೇ ಇಲ್ಲ. ಒಳ್ಳೆಯ ಸೋಯಾ ಹಿಂಡಿ ತಿಳಿ ಹೊನ್ನಿನ ಬಣ್ಣಕ್ಕಿರುತ್ತದೆ. ಕಂದುಗಟ್ಟಿ ಸೀದ ವಾಸನೆ ಬಂದರೆ ಬೇಡವೆನ್ನಿ. ಬೇಯದ ಹಿಂಡಿಯನ್ನು ಪತ್ತೆಹಚ್ಚಲು ಯೂರಿಯಾ ಮತ್ತು ಫಿನಾಲ್ ರೆಡ್ ಎಂಬ ಬಣ್ಣ ಬದಲಿಸುವ ಸೂಚಕ ಬೆರೆಸಿದ ಹಳದಿ ದ್ರಾವಣವನ್ನು ಬಳಸುತ್ತಾರೆ. ಬಿಳಿ ತಟ್ಟೆಯಲ್ಲಿ ಹಿಂಡಿಯನ್ನು ತೆಳುವಾಗಿ ಹರಡಿ, ದ್ರಾವಣದಿಂದ ತೋಯಿಸಿ, ಐದು ನಿಮಿಷ ಬಿಡಬೇಕು. ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಮೂಡಿದರೆ ಹದ ಸರಿಯಾಗಿದೆ; ತಟ್ಟೆಯೇ ಕೆಂಪಾದರೆ ಹಿಂಡಿ ಬೆಂದಿಲ್ಲ. ಒಂದೂ ಚುಕ್ಕೆ ಕಾಣದಿದ್ದರೆ ಅತಿಯಾಗಿ ಬೆಂದಿರಬಹುದು, ಆಗ ಪ್ರಯೋಗಾಲಯದಲ್ಲಿ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಪ್ರೋಟೀನ್ ಕರಗುವ ಪ್ರಮಾಣವನ್ನು ಕೇಳಿ. ಅದು ಶೇ 75ರಿಂದ 85ರ ನಡುವೆ ಇದ್ದರೆ ಒಳ್ಳೆಯದು, 70ಕ್ಕಿಂತ ಇಳಿದಿದ್ದರೆ ಹಿಂಡಿ ಸೀದಿದೆ.

ಕರಾವಳಿಯಿಂದ ಬರುವ ಮೀನಿನ ಪುಡಿಗೆ ಇನ್ನಷ್ಟು ಎಚ್ಚರ ಬೇಕು. ಒಂದು ಚಮಚವನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದರೆ ಮರಳು ಮೊದಲು ತಳ ಸೇರಿ ಕಣ್ಣಿಗೆ ಬೀಳುತ್ತದೆ. ಯೂರಿಯಾ ಬೆರಕೆಯ ಅನುಮಾನವಿದ್ದರೆ ಎರಡು ಬಾಟಲಿಗಳಲ್ಲಿ ಮೀನಿನ ಪುಡಿ ಮತ್ತು ಉಗುರುಬೆಚ್ಚಗಿನ ನೀರು ಹಾಕಿ, ಒಂದಕ್ಕೆ ಮಾತ್ರ ಹಸಿ ಸೋಯಾ ಹಿಟ್ಟು ಸೇರಿಸಿ ಮುಚ್ಚಿಡಿ. ಹಸಿ ಸೋಯಾದಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ. ಅರ್ಧ ಗಂಟೆಯ ನಂತರ ಎರಡನ್ನೂ ಮೂಸಿ ನೋಡಿ. ಹಿಟ್ಟು ಹಾಕಿದ ಬಾಟಲಿಯಲ್ಲಿ ಮಾತ್ರ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಸರಕನ್ನು ವಾಪಸು ಕಳಿಸಿ.

ಬೆರೆಸುವ ಕೆಲಸ ಸುಲಭವಾದರೂ ತಪ್ಪುವುದು ಅಲ್ಲೇ. 230 ಗ್ರಾಂ ಲೈಸೀನ್ ಪುಡಿಯನ್ನು ನೇರವಾಗಿ 100 ಕಿಲೋ ರಾಶಿಯ ಮೇಲೆ ಚೆಲ್ಲಬಾರದು. ಮೊದಲು ಒಂದು ಕಿಲೋ ಮೆಕ್ಕೆಜೋಳದ ಹಿಟ್ಟಿನಲ್ಲಿ, ಆಮೇಲೆ ಐದು ಕಿಲೋದಲ್ಲಿ ಬೆರೆಸಿ, ಕೊನೆಗೆ ರಾಶಿಗೆ ಸೇರಿಸಿ. ಈ ಹಿಟ್ಟು ಸೂತ್ರದ 70 ಕಿಲೋದಿಂದಲೇ ತೆಗೆದದ್ದಾಗಿರಲಿ.

ಆಹಾರ ಬದಲಿಸಿದ ದಿನ ಹಂದಿಗಳನ್ನು ತೂಗಿ ಬರೆದಿಡಿ, ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿನಲ್ಲಿ, ಬೆಳಗಿನ ಆಹಾರಕ್ಕೆ ಮೊದಲು ಮತ್ತೆ ತೂಗಿ. ಆ ಅವಧಿಯಲ್ಲಿ ತಿಂದ ಆಹಾರವನ್ನು ಹೆಚ್ಚಿದ ತೂಕದಿಂದ ಭಾಗಿಸಿದರೆ ಒಂದು ಕಿಲೋ ತೂಕಕ್ಕೆ ಎಷ್ಟು ಆಹಾರ ಖರ್ಚಾಯಿತು ಎಂಬುದು ಸಿಗುತ್ತದೆ, ಮುಂದಿನ ಸಲ ಹಿಂಡಿಯ ಬೆಲೆ ಕೇಳುವಾಗ ಆ ಪುಸ್ತಕ ಕೈಯಲ್ಲಿರಲಿ.