ವಿಂಡೋಸ್ ಆಡಿಯೊ ಸರ್ವಿಸನ್ನು ಮತ್ತೆ ಮೂಲ ಸ್ಥಿತಿಗೆ ತರುವುದು ಹೇಗೆ?

ಟಾಸ್ಕ್‌ಬಾರಿನ ಸ್ಪೀಕರ್ ಚಿತ್ರದ ಮೇಲೆ ಕೆಂಪು ಇಂಟು ಮಾರ್ಕ್ ಕಾಣಿಸಿ, ಆಡಿಯೊ ಸರ್ವಿಸ್ (ಹಿನ್ನೆಲೆಯಲ್ಲಿ ಓಡುತ್ತ ಧ್ವನಿಯನ್ನು ನೋಡಿಕೊಳ್ಳುವ ವಿಂಡೋಸಿನ ಭಾಗ) ಓಡುತ್ತಿಲ್ಲ ಎಂಬ ಸಂದೇಶ ಬಂದರೆ ಡ್ರೈವರ್ ಕಿತ್ತುಹಾಕಲು ಹೋಗಬೇಡಿ. ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆ ಎನ್ನುವ ಟ್ಯೂನಪ್ ತಂತ್ರಾಂಶಗಳು ಸರ್ವಿಸ್‌ಗಳನ್ನು ಆಫ್ ಮಾಡಿಬಿಡುವುದುಂಟು. ಮೊದಲು ಅದನ್ನು ನೋಡಿ.

ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಎಂದು ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಹೆಸರುಗಳು ಪರದೆಯಲ್ಲಿ ಇಂಗ್ಲಿಷಿನಲ್ಲಿರುತ್ತವೆ. ಪಟ್ಟಿಯ ಕೊನೆಯತ್ತ ವಿಂಡೋಸ್ ಆಡಿಯೊ, ಅದರ ಕೆಳಗೇ ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್ ಸಿಗುತ್ತವೆ. ಸ್ಪೀಕರ್, ಮೈಕ್, ಹೆಡ್‌ಫೋನ್‌ಗಳನ್ನು ಗುರುತಿಸಿ ನೋಡಿಕೊಳ್ಳುವುದು ಎರಡನೆಯದು. ಅದು ನಿಂತಿದ್ದರೆ ಮೊದಲನೆಯದು ಏಳುವುದೇ ಇಲ್ಲ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಎಂಡ್‌ಪಾಯಿಂಟ್ ಬಿಲ್ಡರಿನಿಂದ.

ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಸ್ಟಾರ್ಟಪ್ ಟೈಪ್ ಅನ್ನು ಆಟೊಮ್ಯಾಟಿಕ್ ಮಾಡಿ. ಡಿಸೇಬಲ್ಡ್ ಆಗಿದ್ದರೆ ಕೆಳಗಿನ ಸ್ಟಾರ್ಟ್ ಬಟನ್ ಮಸುಕಾಗಿರುತ್ತದೆ, ಎಷ್ಟು ಒತ್ತಿದರೂ ಕೇಳದು. ಅಪ್ಲೈ ಒತ್ತಿದ ಮೇಲೇ ಅದಕ್ಕೆ ಜೀವ ಬರುವುದು; ಆಗ ಸ್ಟಾರ್ಟ್ ಒತ್ತಿ. ಆಟೊಮ್ಯಾಟಿಕ್ ಎಂದು ಬದಲಾಯಿಸಿದ ಮಾತ್ರಕ್ಕೆ ಸರ್ವಿಸ್ ಈಗಲೇ ಓಡುವುದಿಲ್ಲ, ಮುಂದಿನ ಸಲ ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಓಡುತ್ತದೆ ಅಷ್ಟೆ. ಇದೇ ಕ್ರಮವನ್ನು ವಿಂಡೋಸ್ ಆಡಿಯೊಗೂ ಮಾಡಿ.

ಎರರ್ 1068 ಬಂದರೆ ಈ ಸರ್ವಿಸ್ ನೆಚ್ಚಿಕೊಂಡ ಇನ್ನೊಂದು ಸರ್ವಿಸ್ ಏಳಲಿಲ್ಲ ಎಂದರ್ಥ. ಡಿಪೆಂಡೆನ್ಸೀಸ್ ಟ್ಯಾಬ್ ತೆರೆದು, ಅಲ್ಲಿರುವ ಒಂದೊಂದೂ ಓಡುತ್ತಿದೆಯೇ ನೋಡಿ.

ಎರರ್ 1079 ಬೇರೆ ಕಥೆ. ಹಲವು ಸರ್ವಿಸ್‌ಗಳು ಒಂದೇ ಪ್ರೊಸೆಸ್‌ನೊಳಗೆ ಓಡುವಾಗ ಅವು ಓಡಲು ಬಳಸುವ ಖಾತೆ (ಅಕೌಂಟ್) ಎಲ್ಲಕ್ಕೂ ಒಂದೇ ಇರಬೇಕು; ಯಾರೋ ಇದರ ಖಾತೆ ಬದಲಾಯಿಸಿದ್ದಾರೆ. ವಿಂಡೋಸ್ ಆಡಿಯೊದ ಲಾಗ್ ಆನ್ ಟ್ಯಾಬಿನಲ್ಲಿ ದಿಸ್ ಅಕೌಂಟ್ ಆರಿಸಿ, ಬ್ರೌಸ್ ಒತ್ತಿ, ಲೋಕಲ್ ಸರ್ವಿಸ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಚೆಕ್ ನೇಮ್ಸ್ ಒತ್ತಿ. ಪಾಸ್‌ವರ್ಡಿನ ಎರಡೂ ಜಾಗದಲ್ಲಿ ಚುಕ್ಕೆಗಳು ಕಾಣಿಸಿದರೆ ಅಳಿಸಿ ಖಾಲಿ ಬಿಡಿ. ಈ ಖಾತೆಗೆ ಪಾಸ್‌ವರ್ಡ್ ಇಲ್ಲ. ಎಂಡ್‌ಪಾಯಿಂಟ್ ಬಿಲ್ಡರಿನದು ಮಾತ್ರ ಲೋಕಲ್ ಸಿಸ್ಟಮ್ ಖಾತೆ. ಎರಡಕ್ಕೂ ಒಂದನ್ನೇ ಕೊಡಬೇಡಿ.

ವಿಂಡೋಸ್ 11ರ ವಾಲ್ಯೂಮ್ ಮಿಕ್ಸರಿನಲ್ಲಿರುವ ರೀಸೆಟ್ ಬಟನ್ ಈ ಕೆಲಸಕ್ಕೆ ಬಾರದು. ಅದು ಆ್ಯಪ್‌ಗಳ ವಾಲ್ಯೂಮ್, ಅವಕ್ಕೆ ಆರಿಸಿದ ಸಾಧನಗಳನ್ನಷ್ಟೇ ಮೊದಲಿನಂತೆ ಮಾಡುತ್ತದೆ, ಸರ್ವಿಸ್‌ನ ತಂಟೆಗೆ ಹೋಗುವುದಿಲ್ಲ.

ಇಷ್ಟಾದರೂ ಸರ್ವಿಸ್ ಎದ್ದು ಬೀಳುತ್ತಿದ್ದರೆ ಸಿಸ್ಟಮ್ ಫೈಲ್ ಕೆಟ್ಟಿರಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಓರೆಗೆರೆ, ಅದಕ್ಕಂಟಿದಂತೆ ಸ್ಕ್ಯಾನ್‌ನೌ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ನೂರು ಪ್ರತಿಶತ ಮುಗಿಯುವ ತನಕ ಕಿಟಕಿ ಮುಚ್ಚಬೇಡಿ. ಆಮೇಲೆ ಶಟ್‌ಡೌನ್ ಬೇಡ, ರೀಸ್ಟಾರ್ಟ್ ಮಾಡಿ: ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗಲೆಂದು ಸಿಸ್ಟಮ್‌ನ ಸ್ಥಿತಿಯನ್ನು ಉಳಿಸಿಡುವ ಸೌಲಭ್ಯ) ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಸರ್ವಿಸ್‌ಗಳ ಹಳೆಯ ಸ್ಥಿತಿಯೇ ಮರಳಿ ಬರುತ್ತದೆ.