ಹಿಸ್ ಗರ್ಲ್ ಫ್ರೈಡೇ ನೋಡುವ ಕ್ರಮ

1940ರ ಇಂಗ್ಲಿಷ್ ಪಿಕ್ಚರ್, ಬ್ಲ್ಯಾಕ್ ಆಂಡ್ ವೈಟ್, ಬರೇ ಒಂದೂವರೆ ಗಂಟೆ ಉಂಟು, ಹಾಗಂತ ಊಟ ಮಾಡ್ತಾ ನೋಡುವ ಅಂತ ಕೂತ್ರೆ ಎಂತದೂ ತಲೆಗೆ ಹೋಗ್ಲಿಕ್ಕಿಲ್ಲ ಮಾರಾಯ್ರೆ. ತಾಳಮದ್ದಲೆಯಲ್ಲಿ ಎದುರಿನವರ ಮಾತು ಮುಗಿದ ಮೇಲೆ ಇವ್ರು ಶುರು ಮಾಡ್ತಾರಲ್ಲ, ಇಲ್ಲಿ ಇಬ್ರೂ ಒಟ್ಟಿಗೇ ಮಾತಾಡುದು, ಡೈರೆಕ್ಟರ್ ಹೋವರ್ಡ್ ಹಾಕ್ಸ್ ಬೇಕಂತ್ಲೇ ಹಾಗೆ ಮಾಡಿಸಿದ್ದು.

ಅದಕ್ಕೆ ಕತೆ ಮೊದ್ಲೇ ಗೊತ್ತಿದ್ರೆ ಒಳ್ಳೇದು. ವಾಲ್ಟರ್ ಅಂತ ಒಬ್ಬ ಪೇಪರ್ ಎಡಿಟರ್, ಆ್ಯಕ್ಟ್ ಮಾಡಿದ್ದು ಕ್ಯಾರಿ ಗ್ರಾಂಟ್. ಅವನ ಡೈವೋರ್ಸ್ ಆದ ಹೆಂಡತಿ ಹಿಲ್ಡಿನೇ ಅವನ ಬೆಸ್ಟ್ ರಿಪೋರ್ಟರ್, ರೊಸಾಲಿಂಡ್ ರಸೆಲ್. ಅವಳು ಪೇಪರ್ ಬಿಟ್ಟು ಇನ್ಶೂರೆನ್ಸ್‌ನವನನ್ನು ಮದುವೆ ಆಗ್ತೇನೆ ಅಂತ ಹೊರಟಿದ್ದಾಳೆ, ಇವನು ಒಬ್ಬ ಕೈದಿಯ ಗಲ್ಲಿನ ಸುದ್ದಿ ತೋರಿಸಿ ಅವಳನ್ನು ನಿಲ್ಲಿಸ್ಲಿಕ್ಕೆ ನೋಡ್ತಾನೆ. 1928ರ ಮೂಲ ನಾಟಕದಲ್ಲಿ ಹಿಲ್ಡಿ ಗಂಡಸು, ಬರೆದವ್ರಿಬ್ರೂ ಶಿಕಾಗೋದಲ್ಲಿ ರಿಪೋರ್ಟರ್ ಆಗಿದ್ದವ್ರು. ಮತ್ತೊಂದು, ಆ ಇನ್ಶೂರೆನ್ಸ್‌ನವನು ನೋಡ್ಲಿಕ್ಕೆ ರಾಲ್ಫ್ ಬೆಲಾಮಿ ಹಾಗಿದ್ದಾನೆ ಅಂತ ವಾಲ್ಟರ್ ಹೇಳ್ತಾನೆ, ಆ್ಯಕ್ಟ್ ಮಾಡಿದ್ದೇ ರಾಲ್ಫ್ ಬೆಲಾಮಿ! ಗೊತ್ತಿಲ್ಲದಿದ್ರೆ ಈ ಜೋಕು ಹಾಗೇ ಹೋಗಿಬಿಡ್ತದೆ.

ಅಮೆರಿಕದಲ್ಲಿ ಇದರ ಕಾಪಿರೈಟ್ ರಿನ್ಯೂ ಮಾಡದ ಕಾರಣ ನೆಟ್ಟಲ್ಲಿ ಕಂಡಾಪಟ್ಟೆ ಪ್ರಿಂಟ್ ಸಿಗ್ತದೆ, ಸುಮಾರು ಕಡೆ ಸೌಂಡ್ ದಂಡ. ಐದು ನಿಮಿಷ ಕೇಳಿ ನೋಡಿ, ಸರಿ ಇಲ್ಲದಿದ್ರೆ ಬೇರೆ ಹುಡುಕಿ. ಸಬ್‌ಟೈಟಲ್ ಹಾಕ್ಲೇಬೇಕು. ಮಳೆಗಾಲದಲ್ಲಿ ಶೀಟಿನ ಮಾಡಿನ ಮನೆ ಆದ್ರೆ ಹೆಡ್‌ಫೋನ್ ಇಲ್ಲದೆ ಆಗುದೇ ಇಲ್ಲ. ಆದ್ರೆ ಪಾಸ್ ಮಾಡಿ ಮಾಡಿ ನೋಡ್ಬೇಡಿ, ಹೋದ ಮಾತು ಹೋಗ್ಲಿ, ಆ ಸ್ಪೀಡಲ್ಲೇ ಇರುದು ಮಜಾ.

ಕೋರ್ಟಿನ ಪ್ರೆಸ್‌ರೂಮ್ ಬಂದಾಗ ಮುಖ ಬಿಟ್ಟು ಫೋನುಗಳನ್ನು ನೋಡಿ. ಜೈಲಿಂದ ತಪ್ಪಿಸಿಕೊಂಡ ಆ ಕೈದಿ ಸಿಕ್ಕಿಬೀಳುವಾಗ ರಿಪೋರ್ಟರ್‌ಗಳೆಲ್ಲ ಅದೇ ರೂಮಲ್ಲಿ ನಿಂತು ಕಣ್ಣಾರೆ ನೋಡಿದ್ದು, ಆದ್ರೆ ಫೋನಲ್ಲಿ ಒಬ್ಬ ಭಯಂಕರ ಹೊಡೆದಾಟ ಆಯ್ತು ಅಂತಾನೆ, ಇನ್ನೊಬ್ಬ ಅವನಿಗೆ ಪ್ರಜ್ಞೆಯೇ ಇರ್ಲಿಲ್ಲ ಅಂತಾನೆ. ಇಡೀ ಪಿಕ್ಚರಿನ ಕುಟುಕು ಇರುದು ಅಲ್ಲಿ. ಮಾಲಿ ಅನ್ನೋ ಹುಡುಗಿ ಈ ರೂಮಿಗೆ ಬಂದು ಮಾತಾಡುವಾಗ ಮಾತ್ರ ಚುರುಮುರಿ ಪೊಟ್ಟಣ ಕೆಳಗಿಡಿ, ಅಲ್ಲಿ ನಗು ಬರುದಿಲ್ಲ.

ಕಾಲೇಜಿನ ಜರ್ನಲಿಸಂ ಮಕ್ಕಳಿಗೆ ತೋರಿಸುದಾದ್ರೆ ಜುಲೈ 1 ಒಳ್ಳೆ ದಿನ, 1843ರಲ್ಲಿ ಮಂಗಳೂರ ಸಮಾಚಾರ ಶುರುವಾದ ದಿನ, ಪತ್ರಿಕಾ ದಿನಾಚರಣೆ ಹೇಗೂ ಇರ್ತದೆ. ಆದ್ರೆ ಹಾರ, ಶಾಲು, ಭಾಷಣ ಎಲ್ಲ ಮೊದ್ಲೇ ಮುಗಿಸಿಬಿಡಿ ಆಯ್ತಾ, ಇದನ್ನು ನೋಡಿದ ಮೇಲೆ ಪತ್ರಿಕಾಧರ್ಮದ ಬಗ್ಗೆ ಮಾತಾಡ್ಲಿಕ್ಕೆ ಅತಿಥಿಗಳಿಗೆ ಸ್ವಲ್ಪ ಕಷ್ಟ ಆಗ್ತದೆ.